ಐತವಾರದ ಕುಣಿತಕ್ಕೆ ಆರಿಸಿದ ಹಾಡುಗಳು

ಸಿದ್ದರಾಯನ ಮೈಕ್‌ಸೆಟ್ ಅಂಗಡಿ ಬಸವನ ಬಾಗೇವಾಡಿಯ ಬಸ್‌ಸ್ಟ್ಯಾಂಡಿನ ಹಿಂದೆ ಹಿಟ್ಟಿನ ಗಿರಣಿಗೆ ಅಂಟಿಕೊಂಡಿತ್ತು. ಮದುವೆ, ಬಸುರಿಯ ಕುಬಸ, ಇಲೆಕ್ಷನ್ ಭಾಷಣ ಏನೇ ಇದ್ದರೂ ಮುದ್ದೇಬಿಹಾಳದ ತನಕ ಜನ ಅವನನ್ನೇ ಕರೆಯುತ್ತಿದ್ದರು. ಅವನ ಹತ್ತಿರ ರಿಕಾರ್ಡು ತಿರುಗಿಸುವ ಎರಡು ಮಷೀನುಗಳಿದ್ದವು. ಒಂದರಲ್ಲಿ ಹಾಡು ಮುಗಿಯುವ ಹೊತ್ತಿಗೆ ಇನ್ನೊಂದರಲ್ಲಿ ಮುಳ್ಳು ಇಟ್ಟಿರುತ್ತಿದ್ದ. ನಡುವೆ ಒಂದು ಕೆಮ್ಮಿನಷ್ಟೂ ಖಾಲಿ ಬಿಡುತ್ತಿರಲಿಲ್ಲ. ಒಂದು ಮದುವೆಯಲ್ಲಿ ಈ ಕೈಚಳಕ ಕಂಡೇ ಖಡಿ ಕಂಪನಿಯ ಮ್ಯಾನೇಜರ್ ಜಯತೀರ್ಥ ಸಾಹೇಬರು ಎಪ್ಪತ್ಮೂರನೇ ಇಸ್ವಿಯಲ್ಲಿ ಅವನನ್ನು ಹುಡುಕಿಕೊಂಡು ಬಂದರು.

ಕಂಪನಿ ನಿಡಗುಂದಿ ರಸ್ತೆಯಲ್ಲಿತ್ತು. ಬಂಡೆಗೆ ಮದ್ದು ತುಂಬಿ ಹಾರಿಸಿ, ಕಲ್ಲು ಒಡೆದು, ರಸ್ತೆ ಕೆಲಸಕ್ಕೆ ಖಡಿ ಕಳಿಸುವ ಕಂಪನಿ. ಸಾಹೇಬರು ಕಲ್ಲಿನ ವಿದ್ಯೆ ಕಲಿಯಲು ಇಂಗ್ಲೆಂಡಿಗೆ ಹೋಗಿ, ಅಲ್ಲಿ ಉತ್ತರದ ಕಡೆಯ ಒಂದು ಗಿರಣಿ ಊರಿನಲ್ಲಿ ನಾಲ್ಕು ವರ್ಷ ಇದ್ದವರು. ಆ ಊರಿನ ಕೂಲಿ ಹುಡುಗರು ಶನಿವಾರ ಬಂತೆಂದರೆ ಅಮೆರಿಕದ ಕಪ್ಪು ಜನ ಹಾಡಿದ ರಿಕಾರ್ಡು ಹಾಕಿಕೊಂಡು ಅಂಗಿ ತೊಯ್ದು ತೊಪ್ಪೆಯಾಗುವ ತನಕ ಕುಣಿಯುತ್ತಿದ್ದರಂತೆ. ಸಾಹೇಬರಿಗೆ ಅದೇ ಹುಚ್ಚು ಹತ್ತಿತ್ತು. ಜೀಪಿನಿಂದ ಒಂದು ಕಟ್ಟಿಗೆ ಪೆಟ್ಟಿಗೆ ಇಳಿಸಿದರು. ಒಳಗೆ ನೂರಾ ನಲವತ್ತು ಸಣ್ಣ ರಿಕಾರ್ಡು.

"ಇದಕ್ಕ ಸೋಲ್ ಅಂತಾರ ನೋಡ್ರಿ ಸಿದ್ದರಾಯ, ಸೋಲ್ ಅಂದ್ರ ಆತ್ಮ. ವರ್ಷಕ್ಕ ಎರಡು ಸಲ ನಮ್ಮ ಬಂಗ್ಲೆದಾಗ ಪಾರ್ಟಿ ಇರ್ತದ. ಪುಣೆ, ಸೋಲಾಪುರದಿಂದ ಮಂದಿ ಬರ್ತಾರ. ಬರೇ ಇವನ್ನ ಹಾಕಬೇಕು, ಸಿನೆಮಾ ಹಾಡು ಒಂದೂ ಬ್ಯಾಡ. ಎರಡು ತಾಸು ಯಾರೂ ಕೂಡಬಾರದು. ಯಾವುದು ಮೊದಲ, ಯಾವುದು ಆಮ್ಯಾಲ, ನೀವ ಆರಿಸ್ರಿ."

ಸಿದ್ದರಾಯನಿಗೆ ಇಂಗ್ಲಿಷ್ ಬರುತ್ತಿರಲಿಲ್ಲ. ಸಂಜೆ ಅಂಗಡಿಯ ಬಾಗಿಲು ಅರ್ಧ ಮುಂದೆ ಮಾಡಿಕೊಂಡು ಒಂದೊಂದಾಗಿ ಹಾಕಿ ಕೇಳಿದ. ಗಂಡಸು ಬೇಡಿಕೊಂಡಂತೆ ಹಾಡುತ್ತಿದ್ದ, ಹೆಂಗಸು ಜಗಳಕ್ಕೆ ಬಂದಂತೆ ಹಾಡುತ್ತಿದ್ದಳು. ಹಿಂದೆ ಡ್ರಮ್ಮು ಮಾತ್ರ ಯಾರ ಅಳುವಿಗೂ ಕಿವಿಗೊಡದೆ ತನ್ನ ಪಾಡಿಗೆ ನಡೆದಿತ್ತು. ಎಲ್ಲವೂ ಚಂದವೇ. ಎರಡು ತಾಸಿಗೆ ನಲವತ್ತು ಬೇಕು, ಆರಿಸುವುದು ಹೇಗೆ?

ಆರಿಸಿಕೊಟ್ಟವನು ಅಮೋಘಸಿದ್ಧ. ಅವನು ಅದೇ ಕಂಪನಿಯಲ್ಲಿ ಬಂಡೆಗೆ ತೂತು ಕೊರೆಯುವ ಕೆಲಸದವನು, ಸಾಲಿಯಲ್ಲಿ ಸಿದ್ದರಾಯನ ಜೊತೆ ಕಲಿತ ಗೆಳೆಯ. ಅವರಪ್ಪ ಡೊಳ್ಳು ಬಾರಿಸುತ್ತಿದ್ದವ. ಕೆಲಸ ಬಿಟ್ಟ ಮೇಲೆ ಮೈತುಂಬ ಕಲ್ಲಿನ ಪುಡಿ ಮೆತ್ತಿಕೊಂಡೇ ಬಂದು ಅಂಗಡಿಯ ಮೂಲೆಯಲ್ಲಿ ಕೂಡುತ್ತಿದ್ದ.

"ಏನ್ ಹೆಸರಂದಿ? ಸೋಲಾ? ಸೋತವರ ಹಾಡೇನ ಇವು?" ಎಂದು ಮೊದಲ ದಿನ ನಕ್ಕ. ಮೂರನೇ ರಿಕಾರ್ಡಿಗೆ ಅವನ ಭುಜ ತಾನಾಗಿ ಅಲುಗಿತು. ಐದನೆಯದಕ್ಕೆ ಎದ್ದ. ಗಿರಣಿಯ ಗೋಡೆಗೂ ಆಂಪ್ಲಿಫಾಯರಿಗೂ ನಡುವೆ ಇದ್ದ ಒಂದು ಚಾಪೆಯಷ್ಟು ಜಾಗದಲ್ಲಿ, ಎಡಗಾಲು ಜಾರಿಸಿ, ಸೊಂಟ ತಿರುವಿ, ತಲೆ ಮಾತ್ರ ಕೊಡ ಹೊತ್ತವರ ಹಾಗೆ ಅಲುಗದೆ ಕುಣಿದ. ಅವತ್ತಿನಿಂದ ಸಿದ್ದರಾಯನಿಗೆ ಅಳತೆ ಸಿಕ್ಕಿತು. ಅಮೋಘಸಿದ್ಧ ತಡಮಾಡದೆ ಎದ್ದರೆ ಆ ಹಾಡು ಮುಂದಿನ ಸಾಲಿಗೆ. ಬೀಡಿ ಹಚ್ಚಿಕೊಂಡರೆ ಪೆಟ್ಟಿಗೆಗೆ ವಾಪಸ್ಸು. ಅವನ ಉಸಿರು ಎಲ್ಲಿ ಏರುತ್ತದೋ ಅಲ್ಲೊಂದು ನಿಧಾನದ್ದು. ಹೀಗೆ ನಾಲ್ಕು ಪಾರ್ಟಿಗಳಾದವು. ಪುಣೆಯ ಮಂದಿ ಸಾಹೇಬರ ಕೈಕುಲುಕಿ ಇಂಥ ಆಯ್ಕೆ ಮುಂಬಯಿಯಲ್ಲೂ ಇಲ್ಲ ಎಂದು ಹೋದರು. ಆರಿಸಿದವನು ಯಾರೆಂದು ಯಾರಿಗೂ ಗೊತ್ತಿರಲಿಲ್ಲ. ಅಮೋಘಸಿದ್ಧನಿಗೂ ಹೇಳಿಕೊಳ್ಳುವ ಆಸೆ ಇರಲಿಲ್ಲ.

ಎಪ್ಪತ್ತೈದರ ಜನವರಿಯಲ್ಲಿ ಕಂಪನಿಯ ಭೋಂಗಾ ಕೆಟ್ಟಿತು. ಮದ್ದು ಹಾರಿಸುವ ಮುಂಚೆ ಎಲ್ಲರೂ ದೂರ ಸರಿಯಲಿ ಎಂದು ಕೂಗಿಸುವ ಸೈರನ್ನು ಅದು. ರಿಪೇರಿಗೆ ಸಿದ್ದರಾಯನ ಅಂಗಡಿಗೇ ಬಂತು. ಒಳಗಿನ ಸುತ್ತು ಸುಟ್ಟಿತ್ತು. ಸೋಲಾಪುರದಿಂದ ತಂತಿ ಬರಬೇಕು, ಹತ್ತು ಹನ್ನೆರಡು ದಿನ ಬೇಕು ಎಂದು ಹೇಳಿಕಳಿಸಿದ. ಕಂಪನಿ ಅಲ್ಲಿಯ ತನಕ ಕೆಲಸ ನಿಲ್ಲಿಸುತ್ತದೆ ಎಂದುಕೊಂಡಿದ್ದ. ನಿಲ್ಲಿಸಲಿಲ್ಲ. ಒಬ್ಬ ಮನುಷ್ಯ ಕೆಂಪು ಬಟ್ಟೆ ಹಿಡಿದು ಬೀಸಿದರೆ ಸಾಕೆಂದರು.

ಹತ್ತನೇ ದಿನ, ಗುರುವಾರ ಮಧ್ಯಾಹ್ನ, ಅಮೋಘಸಿದ್ಧ ಒಂದು ಬಂಡೆಯ ಮರೆಗೆ ನೆರಳಿಗೆ ಕುಳಿತು ರೊಟ್ಟಿ ತಿನ್ನುತ್ತಿದ್ದ. ಕೆಂಪು ಬಟ್ಟೆ ಆ ಕಡೆಯಿಂದ ಕಾಣುತ್ತಿರಲಿಲ್ಲ. ಮದ್ದು ಹಾರಿತು.

ಮರುದಿನ ಬೆಳಿಗ್ಗೆ, ಗೆಳೆಯನನ್ನು ಮಣ್ಣು ಮಾಡಿ ಬಂದ ಬಟ್ಟೆಯಲ್ಲೇ ಸಿದ್ದರಾಯ ಅಂಗಡಿ ತೆರೆದಾಗ, ಕಂಪನಿಯ ಜೀಪು ಬಂದು ನಿಂತಿತು. ಡ್ರೈವರು ಒಳಗೆ ಬಂದು ಹಲಗೆಯ ಮೇಲಿದ್ದ ಸುಟ್ಟ ಭೋಂಗಾ ಎತ್ತಿಕೊಂಡು ಹೋದ. ಒಂದು ವಾರಕ್ಕೆ ಸುದ್ದಿ ಬಂತು. ಭೋಂಗಾ ಸರಿಯಾಗಿಯೇ ಕೂಗಿತ್ತು, ಅಮೋಘಸಿದ್ಧ ಕುಡಿದು ಮಲಗಿದ್ದ ಎಂದು ಕಂಪನಿ ಬರೆದುಕೊಂಡಿತ್ತು. ಅವನ ಹೆಂಡತಿ ಲಕ್ಕವ್ವನಿಗೆ ತಿಂಗಳ ಕೊನೆಗೆ ಇರಲು ಕೊಟ್ಟಿದ್ದ ಕಂಪನಿಯ ಖೋಲಿ ಬಿಡಲು ಹೇಳಿದ್ದರು.

ಅದೇ ಹೊತ್ತಿಗೆ ಸಾಹೇಬರ ಪೆಟ್ಟಿಗೆ ಮತ್ತೆ ಅಂಗಡಿಗೆ ಬಂತು. ಬರುವ ಐತವಾರ ಸಂಜೆ ಪಾರ್ಟಿ. ಸಿದ್ದರಾಯ ಅದನ್ನು ಮುಟ್ಟಲಿಲ್ಲ. ಆಗುವುದಿಲ್ಲ ಎಂದು ಚೀಟಿ ಬರೆದು ಕಳಿಸಬೇಕೆಂದು ಕುಳಿತಿದ್ದಾಗ ಲಕ್ಕವ್ವ ಬಂದಳು. ಬಾಗಿಲ ಹೊರಗೇ ನಿಂತಳು.

"ಅಣ್ಣಾರ, ಭೋಂಗಾ ಕೂಗಿತ್ತಂತ ಬರದಾರ. ನಾ ಖೋಲ್ಯಾಗ ಇದ್ದೆ. ನನಗ ಕೇಳಿಸಲಿಲ್ಲ. ಎಲ್ಲಾರನ್ನೂ ಕೇಳಿದೆ, ಯಾರೂ ಬಾಯಿ ಬಿಡವಲ್ರು."

ಸಿದ್ದರಾಯ ಖಾಲಿ ಹಲಗೆ ತೋರಿಸಿದ. "ಅದು ಇಲ್ಲಿತ್ತು ತಂಗಿ. ಇದರ ಮ್ಯಾಲ. ಹತ್ತು ದಿನದಿಂದ ಇಲ್ಲೇ ಇತ್ತು."

ಆಕೆ ಹೊರಗಿನಿಂದಲೇ ಬಗ್ಗಿ ಆ ಹಲಗೆ ನೋಡಿದಳು. "ಹಂಗಾರ ನೀವು ಸಾಹೇಬ್ರಿಗೆ ಹೇಳ್ರಿ. ನಿಮ್ಮ ಮಾತು ಕೇಳ್ತಾರ. ಅವ ಕುಡೀತಿದ್ದಿಲ್ಲ. ಅಷ್ಟು ಒಂದು ಮಾತು ಅವರು ತಿದ್ದಿ ಬರೀಲಿ."

"ಹೇಳ್ತೇನಿ."

"ಚಲೋ ಹಾಡು ಆರಿಸ್ಕೊಂಡು ಹೋಗ್ರಿ. ಅವರ ಮನಸು ಖುಷಿ ಇದ್ದಾಗ ಕೇಳ್ರಿ."

ಆ ಮಾತಿಗಾಗಿ ಅವನು ಪೆಟ್ಟಿಗೆ ತೆರೆದ. ಮೂರು ದಿನ ಹಾಕಿದ್ದನ್ನೇ ಹಾಕಿ ಕೇಳಿದ. ಒಂದೂ ತಿಳಿಯಲಿಲ್ಲ. ಮೊದಲು ಅಮೋಘಸಿದ್ಧನನ್ನು ಎಬ್ಬಿಸಿದ ಹಾಡುಗಳು ಈಗ ಬರೀ ಸದ್ದಾಗಿದ್ದವು. ಹಳೆಯ ಪಟ್ಟಿ ನೋಡಿ ಹಾಗೇ ಹಾಕಬಹುದಿತ್ತು, ಆದರೆ ಸಾಹೇಬರು ಹೋದ ಸಲದ್ದು ಈ ಸಲ ಒಪ್ಪುತ್ತಿರಲಿಲ್ಲ. ಅವನು ಅಮೋಘಸಿದ್ಧ ಕುಣಿಯುತ್ತಿದ್ದ ಆ ಖಾಲಿ ಜಾಗವನ್ನು ನೋಡುತ್ತ ಹಾಡು ಮುಗಿದದ್ದೂ ಗೊತ್ತಾಗದೆ ಕೂಡುತ್ತಿದ್ದ. ಮುಳ್ಳಿನ ಕೆಳಗೆ ರಿಕಾರ್ಡು ಕರಕರ ಎನ್ನುತ್ತ ಸುಮ್ಮನೆ ತಿರುಗುತ್ತಿತ್ತು.

ಶುಕ್ರವಾರ ಸಂಜೆ ಲಕ್ಕವ್ವ ಮತ್ತೆ ಬಂದಳು. ಈ ಸಲ ಒಳಗೆ ಬಂದು ಗೋಣಿಚೀಲದ ಮೇಲೆ ಕುಳಿತಳು.

"ಇವನ್ನ ಕೇಳಿ ಅವ ಕುಣೀತಿದ್ನಂತ, ಖರೇನ?"

"ಖರೆ."

"ಮನ್ಯಾಗ ಸಾರಿಗಿ ಉಪ್ಪಿಲ್ಲಂದ್ರೂ ಹೇಳ್ತಿದ್ದಿಲ್ಲ ಅವ. ಅಷ್ಟು ಸುಮ್ಮನಿರಾಂವ." ಮಷೀನಿನ ಕಡೆ ತಿರುಗಿ ಕೇಳಿದಳು. "ಹೆಂಗ ಕುಣೀತಿದ್ದ? ನನಗ ಒಮ್ಮೆ ತೋರಸ್ರಿ."

ಸಿದ್ದರಾಯನಿಗೆ ನಾಚಿಕೆಯಾಯಿತು. ಆದರೂ ಎದ್ದ. ಒಂದು ರಿಕಾರ್ಡು ಹಾಕಿ, ಎಡಗಾಲು ಜಾರಿಸಿದ, ಸೊಂಟ ತಿರುವಿದ. ನಲವತ್ತು ಮುಟ್ಟಿದ ದಪ್ಪ ಮೈ, ಲುಂಗಿ ಕಾಲಿಗೆ ಸಿಕ್ಕಿತು. ಆಕೆ ನಗಲಿಲ್ಲ. ಅವನ ಕಾಲನ್ನಲ್ಲ, ಅವನ ಸುತ್ತ ಇದ್ದ ಜಾಗವನ್ನು ನೋಡುತ್ತಿದ್ದಳು.

"ಹಿಂಗ ಇರಲಿಕ್ಕಿಲ್ಲ ಬಿಡ್ರಿ," ಎಂದಳು. "ಸಾಕ್ರಿ ಅಣ್ಣಾರ."

ಅವನು ಏದುಸಿರು ಬಿಡುತ್ತ ಕುಳಿತ. ರೂಢಿಯ ಕೈ ಇನ್ನೊಂದು ಮಷೀನಿನಲ್ಲಿ ಮುಳ್ಳು ಇಟ್ಟು ಮುಂದಿನ ರಿಕಾರ್ಡು ಸುರು ಮಾಡಿತ್ತು, ನಡುವೆ ನೀಲಿ ಚೀಟಿ ಅಂಟಿದ್ದು, ಹೆಂಗಸು ಹಾಡಿದ್ದು, ನಡುನಡುವೆ ಚಪ್ಪಾಳೆ. ಅಮೋಘಸಿದ್ಧ ಇದಕ್ಕೆ ಯಾವಾಗಲೂ ಬೀಡಿ ಹಚ್ಚುತ್ತಿದ್ದ. ಸಿದ್ದರಾಯ ತೆಗೆಯಲು ಕೈ ಚಾಚಿದವನು ತಡೆದುಕೊಂಡ. ಲಕ್ಕವ್ವನ ಕಾಲಿನ ಹೆಬ್ಬೆರಳು ಚಪ್ಪಾಳೆಗೆ ಸರಿಯಾಗಿ ನೆಲ ತಟ್ಟುತ್ತಿತ್ತು. ಆಕೆಗೇ ಗೊತ್ತಿರಲಿಲ್ಲ. ಅವನು ನೋಡಿದ್ದು ಕಂಡ ಕೂಡಲೇ ಸೀರೆಯ ಅಂಚು ಎಳೆದು ಪಾದ ಮುಚ್ಚಿಕೊಂಡು, ಯಾರೋ ಹೊಡೆದಂತೆ ಮುಖ ಮಾಡಿ, ಎದ್ದು ಹೊರಟುಹೋದಳು.

ಆ ಹಾಡನ್ನು ಅವನು ಪಟ್ಟಿಯ ನಡುವೆ ಇಟ್ಟ. ಅದಕ್ಕೆ ಏರುವ ಹಾಡುಗಳು ಯಾವುವು, ಅದರಿಂದ ಇಳಿಯುವವು ಯಾವುವು ಎಂಬುದು ಒಮ್ಮೆಲೇ ಹೊಳೆಯಿತು. ಶನಿವಾರದ ಹೊತ್ತಿಗೆ ನಲವತ್ತೂ ಸಾಲಾಗಿ ಕುಳಿತವು.

ಐತವಾರ ಸಂಜೆ ಐದಕ್ಕೆ ಬಂಗಲೆಯ ದೊಡ್ಡ ಕೋಣೆಯಲ್ಲಿ ಮೂವತ್ತು ಜನ ಸೇರಿದ್ದರು. ಸಿದ್ದರಾಯ ಮೂಲೆಯಲ್ಲಿ ಮಷೀನುಗಳ ಹಿಂದೆ ನಿಂತ. ಎರಡನೇ ಹಾಡಿಗೇ ನೆಲ ತುಂಬಿತು. ಅವನ ಕೈ ತಾನಾಗಿ ನಡೆಯಿತು. ಯಾರ ಹೆಜ್ಜೆ ಸೋಲುತ್ತಿದೆ, ಯಾರಿಗೆ ನೀರು ಬೇಕಾಗಿದೆ, ಎಲ್ಲವೂ ಅಂಗೈಯಲ್ಲಿದ್ದಂತೆ ಕಾಣುತ್ತಿತ್ತು. ನೀಲಿ ಚೀಟಿಯ ಹಾಡು ಬಂದಾಗ ಇಡೀ ಕೋಣೆಯೇ ಚಪ್ಪಾಳೆ ಹೊಡೆಯಿತು. ಜಯತೀರ್ಥ ಸಾಹೇಬರು ಒಂದೇ ಹಿಮ್ಮಡಿಯ ಮೇಲೆ ಗಿರಗಿರನೆ ತಿರುಗಿ, ಬಗ್ಗಿ ನೆಲ ಮುಟ್ಟಿ ಎದ್ದರು. ಜನ ಕೂಗಿ ಮತ್ತೊಮ್ಮೆ ಹಾಕಿಸಿದರು. ಇಷ್ಟು ಚೆನ್ನಾಗಿ ಅವನು ಎಂದೂ ಹಾಕಿರಲಿಲ್ಲ.

ಕೊನೆಯ ರಿಕಾರ್ಡು ನಿಂತಾಗ ಸಿದ್ದರಾಯನ ಮುಖದ ಮೇಲೆ ನಗುವಿತ್ತು. ಆಗ ನೆನಪಾಯಿತು. ಎರಡು ತಾಸಿನಲ್ಲಿ ಒಂದು ಸಲವೂ ಅವನಿಗೆ ಅಮೋಘಸಿದ್ಧ ನೆನಪಾಗಿರಲಿಲ್ಲ.

ಸಾಹೇಬರು ಕೊರಳಿನ ಬೆವರು ಒರೆಸುತ್ತ ಬಂದು ಹೆಗಲ ಮೇಲೆ ಕೈಯಿಟ್ಟರು. "ಇವತ್ತು ಏನ್ ಹಾಕಿದ್ರಿ ಸಿದ್ದರಾಯ! ಏನ್ ಬೇಕು ಕೇಳ್ರಿ."

"ಒಂದು ಮಾತೈತ್ರಿ ಸಾಹೇಬ್ರ. ಅಮೋಘಸಿದ್ಧಂದು. ಅವತ್ತು ಭೋಂಗಾ ಕೂಗಿಲ್ರಿ. ನನ್ನ ಅಂಗಡ್ಯಾಗಿತ್ತು."

ಒರೆಸುತ್ತಿದ್ದ ಕೈ ನಿಂತಿತು. ಸಾಹೇಬರು ಸಿಟ್ಟಾಗಲಿಲ್ಲ. ಅವನನ್ನು ಆಫೀಸ್ ಕೋಣೆಗೆ ಕರೆದುಕೊಂಡು ಹೋಗಿ ಕುರ್ಚಿಯಲ್ಲಿ ಕೂಡಿಸಿದರು.

"ನಿಮ್ಮ ಹತ್ರ ಎಷ್ಟು ದಿವಸ ಇತ್ತು ಅದು?"

"ಹತ್ತು ದಿನಾರೀ. ತಂತಿ ಬಂದಿದ್ದಿಲ್ರಿ."

"ಹತ್ತು ದಿವಸ." ಸಾಹೇಬರು ನಿಧಾನವಾಗಿ ಹೇಳಿದರು. "ಮುಂದಿನ ವಾರ ಈ ಸಾವಿನ ವಿಚಾರಣೆಗೆ ಸರಕಾರದ ಇನ್ಸ್‌ಪೆಕ್ಟರ್ ಬರ್ಲಿಕತ್ತಾನ. ಮನಷಾನ ಜೀವದ ಸಾಮಾನು ಹತ್ತು ದಿವಸ ಯಾಕ ಇಟಗೊಂಡಿ ಅಂತ ಮೊದಲ ನಿಮ್ಮನ್ನ ಕೇಳ್ತಾನ. ಏನ್ ಹೇಳ್ತೀರಿ? ಆ ಹೊತ್ತಿನ್ಯಾಗ ನೀವು ಏನ್ ಮಾಡ್ಲಿಕ್ಕೆ ಹತ್ತಿದ್ರಿ?"

ಸಾಹೇಬರು ಡ್ರಾವರಿನಿಂದ ಕನ್ನಡದಲ್ಲಿ ಟೈಪು ಮಾಡಿದ ಒಂದು ಹಾಳೆ ತೆಗೆದರು. ಮದ್ದು ಹಾರುವ ಮೂರು ದಿನ ಮೊದಲು, ಸೋಮವಾರವೇ ರಿಪೇರಿ ಮುಗಿಸಿ ಕೊಟ್ಟಿದ್ದೇನೆ ಎಂದು ಅದರಲ್ಲಿ ಬರೆದಿತ್ತು. ಅವನ ಹೆಸರು, ಅಂಗಡಿಯ ಹೆಸರು ಮೊದಲೇ ಹಾಕಿಟ್ಟಿದ್ದರು.

"ಆಕಿ ಖೋಲಿ ಬಿಡೋದು ಬ್ಯಾಡ. ನಾ ಇದ್ದೇನಿ, ಅಲ್ಲೇ ಇರ್ಲಿ. ಸತ್ತಾಂವ ಅಂತೂ ಬರೂದಿಲ್ಲ. ಇದ್ದಾಕಿದು ನೋಡೋಣ, ಏನಂತೀರಿ?"

ಪಕ್ಕದ ಕೋಣೆಯಲ್ಲಿ ಯಾರೋ ಆ ಚಪ್ಪಾಳೆಯ ಹಾಡನ್ನು ಗುನುಗುತ್ತಿದ್ದರು. ಸಿದ್ದರಾಯ ಸಹಿ ಮಾಡಿದ. ಯಾಕೆ ಮಾಡಿದೆ ಎಂದು ಆಮೇಲೆ ಎಷ್ಟೋ ಸಲ ತನ್ನನ್ನೇ ಕೇಳಿಕೊಂಡ. ಅಂಜಿ ಮಾಡಿದೆನೋ, ಖೋಲಿಗಾಗಿ ಮಾಡಿದೆನೋ, ಹೆಗಲ ಮೇಲಿದ್ದ ಆ ಕೈಗಾಗಿ ಮಾಡಿದೆನೋ, ಬಿಡಿಸಿ ಹೇಳಲು ಅವನಿಗೆ ಆಗಲೇ ಇಲ್ಲ.

ಮರುದಿನ ಲಕ್ಕವ್ವನಿಗೆ ಖೋಲಿ ಉಳಿಯಿತೆಂದು ಹೇಳಿದ. ಆಕೆ ಕೇಳಿದ್ದು ಅದನ್ನಲ್ಲ. "ಭೋಂಗಾದ ಮಾತು ಹೇಳಿದ್ರೇನ್ರಿ?"

"ಹೇಳಿದೆ," ಎಂದ. ಅದು ಸುಳ್ಳಲ್ಲ ಎಂದು ತನಗೆ ತಾನೇ ಹೇಳಿಕೊಂಡ.

ಆ ವಾರ ಇನ್ಸ್‌ಪೆಕ್ಟರ್ ಬಂದ. ಕೂಲಿಗಳನ್ನೆಲ್ಲ ನಿಲ್ಲಿಸಿ ಹಾಳೆಯನ್ನು ಗಟ್ಟಿಯಾಗಿ ಓದಿ ಹೇಳಿ, ಕೆಳಗಿನ ಸಹಿಯ ಹೆಸರನ್ನೂ ಓದಿದ. ಲಕ್ಕವ್ವ ಆ ಗುಂಪಿನಲ್ಲಿದ್ದಳು. ಅದಾಗಿ ಎಂಟು ದಿನಕ್ಕೆ ಜಯತೀರ್ಥ ಸಾಹೇಬರು ಸಾಮಾನು ಕಟ್ಟಿಕೊಂಡು ಪುಣೆಗೆ ಹೋದರು. ವರ್ಗದ ಆರ್ಡರು ತಿಂಗಳ ಹಿಂದೆಯೇ ಬಂದಿತ್ತು, ಆ ಐತವಾರದ್ದು ಅವರನ್ನು ಕಳಿಸುವ ಪಾರ್ಟಿಯಾಗಿತ್ತು ಎಂದು ಬಂಗಲೆಯ ಅಡಿಗೆಯವಳು ಹೇಳಿದಳು. ಹೊಸ ಮ್ಯಾನೇಜರಿಗೆ ಖೋಲಿಯ ಮಾತು ಯಾರೂ ಹೇಳಿರಲಿಲ್ಲ. ಫೆಬ್ರುವರಿಯ ಕೊನೆಗೆ ಲಕ್ಕವ್ವನ ಪಾತ್ರೆ ಪಡಗ ಹೊರಗೆ ಬಂದವು. ಸಿದ್ದರಾಯ ಸುದ್ದಿ ತಿಳಿದು ಓಡಿ ಹೋಗುವಷ್ಟರಲ್ಲಿ ಆಕೆ ಸಿಂದಗಿಯ ಬಸ್ಸು ಹತ್ತಿದ್ದಳು. ತವರು ಮೋರಟಗಿ ಎಂದು ಅಲ್ಲಿದ್ದವರು ಹೇಳಿದರು.

ಅವನು ಅಂಗಡಿ ಮುಚ್ಚಲಿಲ್ಲ. ಬೇರೆ ಕೆಲಸ ಬರುತ್ತಿರಲಿಲ್ಲ. ಮದುವೆಗೆ ಮದುವೆಯ ಹಾಡು, ಭಾಷಣಕ್ಕೆ ಮೈಕು. ಯಾವ ಹಾಡು ಹಾಕಲಿ ಎಂದು ಈಗ ಆರಿಸುತ್ತಿರಲಿಲ್ಲ, ಕೈಗೆ ಸಿಕ್ಕಿದ್ದನ್ನು ಹಾಕುತ್ತಿದ್ದ. ನಡುವೆ ಖಾಲಿ ಬಿದ್ದರೂ ಅವಸರ ಮಾಡುತ್ತಿರಲಿಲ್ಲ.

ಮರುವರ್ಷ ಬೇಸಿಗೆಯಲ್ಲಿ ಮೋರಟಗಿಯಿಂದಲೇ ಒಂದು ಮದುವೆಗೆ ಕರೆ ಬಂತು. ಒಲ್ಲೆ ಎನ್ನಬಹುದಿತ್ತು, ಎನ್ನಲಿಲ್ಲ. ಬೇವಿನ ಮರಕ್ಕೆ ಮೈಕಿನ ಹಾರ್ನು ಕಟ್ಟಿ ಕೆಳಗಿಳಿದು ತಂತಿ ಜೋಡಿಸುತ್ತಿದ್ದಾಗ ಯಾರೋ ಬಂದು ನಿಂತದ್ದು ಗೊತ್ತಾಯಿತು. ಲಕ್ಕವ್ವ. ತಲೆಯ ಮೇಲೆ ಹುಲ್ಲಿನ ಹೊರೆ. ಮೊದಲಿಗಿಂತ ಬಹಳ ಸೊರಗಿದ್ದಳು.

"ಅರಾಮ ಇದ್ದೀಯೇನ ತಂಗಿ?"

"ಹಾರ್ನಿನ ಬಾಯಿ ನಮ್ಮ ಓಣಿ ಕಡೆ ಐತಿ," ಎಂದಳು. ದನಿಯಲ್ಲಿ ಸಿಟ್ಟೂ ಇರಲಿಲ್ಲ. "ಆ ಕಡೆ ತಿರಗಸ್ರಿ. ನಿಮ್ಮ ಹಾಡು ನಮ್ಮ ಮನಿ ತನಕ ಬರೋದು ಬ್ಯಾಡ."

ಅವನು ಮತ್ತೆ ಮರ ಹತ್ತಿದ. ಹಗ್ಗ ಬಿಚ್ಚಿ, ಹಾರ್ನನ್ನು ಖಾಲಿ ಹೊಲಗಳ ಕಡೆಗೆ ತಿರುಗಿಸಿ ಬಿಗಿದು ಕಟ್ಟಿದ. ಇಳಿಯುವಷ್ಟರಲ್ಲಿ ಆಕೆ ಹೊರಟುಹೋಗಿದ್ದಳು. ಚಪ್ಪರದಿಂದ ಹಿರಿಯರೊಬ್ಬರು ಇನ್ನೂ ಯಾಕೆ ತಡ, ಹಾಡು ಹಚ್ಚಪ್ಪಾ ಎಂದು ಕೂಗಿದರು. ಸಿದ್ದರಾಯ ಹಚ್ಚಿದ.