ಕೇಳುತ್ತಲೇ ಇರುವ ಬೋರ್ಡು

ಬೋರ್ಡಿನ ಮೇಲೆ ಬಿಸಿಲು ಬಿದ್ದಿದೆ, ತುಸು ಸರಿಸಬೇಕು, ಸರಿಸಿದರೆ ತಂತಿ ಕಳಚೀತು, ಬೆಸುಗೆ ವಿಮಲಳದ್ದು, ನನ್ನ ಮಗಳ ಕೈ ಯಾವಾಗಲೂ ಅವಸರದ್ದು — ಕೋಡೂ ಹಾಗೇ, ಲಿನಕ್ಸ್ ಕರ್ನೆಲ್ಲಿಗೆ, ಅಂದರೆ ಬೋರ್ಡಿನೊಳಗಿನ ತಂತ್ರಾಂಶದ ತಿರುಳಿಗೆ, ಚಿಪ್ಪು ನಡೆಸಲು ಅವಳು ಬರೆದ ಡ್ರೈವರು, ಪರಿಶೀಲಿಸುವವರ ಜಾಗದಲ್ಲಿ ನನ್ನ ಹೆಸರು, ಕಾಲೇಜಿನಲ್ಲಿ ಎಲೆಕ್ಟ್ರಾನಿಕ್ಸ್ ಕಲಿಸಿದವಳು ನೀನು, ಮಗಳು ಅಂತ ಬಿಡಬೇಡ ಅಮ್ಮಾ, ಬೈದೇ ನೋಡು, ಅಂದಿದ್ದಳು, ಬೈಯೋಣ ಅಂದರೆ ಈಗ ಅವಳಿಲ್ಲ. ಸೆನ್ಸರುಗಳೂ ಬೋರ್ಡೂ ಮಾತಾಡಿಕೊಳ್ಳುವ ಎರಡು ತಂತಿ, ಅದನ್ನೇ ಬಸ್ ಅನ್ನುವುದು, ಅದನ್ನು ನಡೆಸುವ ಚಿಪ್ಪಿಗೆ ಒಂದು ಕೆಟ್ಟ ಚಾಳಿ, ತಂತಿಯಲ್ಲಿ ಯಾರೂ ಇಲ್ಲದಿದ್ದರೂ ಇದ್ದಾರೆ ಅನ್ನುತ್ತದೆ, ವಿಮಲ ಅದಕ್ಕೊಂದು ಉಪಾಯ ಮಾಡಿದ್ದಾಳೆ, ತಂತಿಯನ್ನು ಮೆಲ್ಲಗೆ ತಟ್ಟು, ಬಿಡುವಾಯಿತೇ ಅಂತ ಮತ್ತೆ ಕೇಳು, ಆಗುವ ತನಕ ಕೇಳು — ಆಗುವ ತನಕ, ಅಷ್ಟೇ, ಎಲ್ಲಿ ನಿಲ್ಲಿಸಬೇಕು ಅಂತ ಬರೆದಿಲ್ಲ, ಒಂದು ಸೆನ್ಸರ್ ಸತ್ತರೆ ಇಡೀ ಬೋರ್ಡು ಅದನ್ನೇ ಕೇಳುತ್ತಾ ಕೂರುತ್ತದೆ, ಆನೆ ಬಂದರೂ ಊರನ್ನು ಎಚ್ಚರಿಸುವ ಕಂಬದ ದೀಪ ಹತ್ತುವುದಿಲ್ಲ. ಹತ್ತಲಿಲ್ಲವಲ್ಲ. ಬೆಳಿಗ್ಗೆ ಕೇತನ್ ಬಂದಿದ್ದ, ಮುತ್ತಂಗದ ಕಾಡಂಚಿನ ಹಾಡಿಯಲ್ಲಿ ದೀಪದ ಕಂಬ ನೋಡಿಕೊಳ್ಳುವವನು, ಕಲ್ಲೂರಿನ ನಮ್ಮ ಮನೆ ತನಕ ನಡೆದೇ ಬಂದು, ನೆಲ್ಲಿಕಾಯಿ ಇಟ್ಟು ಕೂತ, ನೆಲ ನೋಡುತ್ತಾ, ನಮ್ಮ ಆನೆಗೆ ನಿಮ್ಮ ದೀಪದ ಹಂಗಿಲ್ಲ ಟೀಚರೇ, ಅದು ಹೇಳದೇ ಬರ್ತದೆ, ಪಕ್ಕದ ಮನೆ ನೀಲಿಯ ಗೋಡೆ ಬೀಳಿಸಿ ಹೋಯ್ತು ಅಷ್ಟೇ, ಮಕ್ಕಳು ಆಚೆ ಮಗ್ಗುಲಲ್ಲಿ ಮಲಗಿದ್ದವು. ಅಷ್ಟೇ ಅಂದ, ವಿಮಲಳ ಹೆಸರೆತ್ತಲಿಲ್ಲ, ಎಂಥ ಒಳ್ಳೆಯವನು.

ಮಿತಿ ಹಾಕಬೇಕು, ಇಷ್ಟು ಸಲ ಕೇಳು, ಉತ್ತರ ಬಾರದಿದ್ದರೆ ಆ ಸೆನ್ಸರನ್ನು ಬಿಡು, ಉಳಿದವನ್ನು ನೋಡು, ಎರಡು ಸಾಲಿನ ಕೆಲಸ, ಎಷ್ಟು ಸಲ ಅನ್ನುವುದೊಂದೇ, ಎಷ್ಟು ಸಲ ಕರೆದೆ ನಾನು, ಕೋಳಿಕ್ಕೋಡಿನ ಆಸ್ಪತ್ರೆ, ತಲೆಯೊಳಗೆ ರಕ್ತನಾಳ ಒಡೆದು ಮಲಗಿದ್ದಾಳೆ, ವಿಮಲಾ, ವಿಮಲಾ, ಹೆಬ್ಬೆರಳು ಅಲುಗಿತು, ನಾನು ನೋಡಿದೆ, ನರ್ಸ್ ಹುಡುಗಿಯೂ ನೋಡಿದಳು, ಅನಙ್ಙಿ ಅಮ್ಮೇ, ಅಲುಗಿತು, ಅಂದು ನನ್ನ ಕೈ ಹಿಡಿದುಕೊಂಡಳು, ಡಾಕ್ಟರು ಕುರ್ಚಿ ಎಳೆದುಕೊಂಡು ಕೂತರು, ಅದು ಬರೀ ನರ ಅಮ್ಮಾ, ಒಳಗೆ ಅವರಿಲ್ಲ — ನಿಂತೇ ಹೇಳಿ ಹೋಗಬಹುದಿತ್ತು, ಕೂತು ಹೇಳಿದರು, ಅವರು ಚೆನ್ನಾಗಿರಲಿ — ಉಸಿರಿನ ಯಂತ್ರ ನಿಲ್ಲಿಸಲು ನಾನು ಹೂಂ ಅನ್ನಬೇಕು, ಅನ್ನುತ್ತೇನೆ, ಅಂದ ಮೇಲೂ ಹೆಬ್ಬೆರಳು. ನೂರು ಅಂತ ಬರೆದೆ, ಅಳಿಸಿದೆ, ಸಾವಿರ, ಸಾವಿರ ಸಲವಾದರೂ ಕೇಳಲಿ, ಬೋರ್ಡಿಗೆ ಅದು ಒಂದು ರೆಪ್ಪೆ ಬಡಿಯುವಷ್ಟು ಹೊತ್ತು, ಬರೆದವಳು ವಿಮಲ, ಅದು ಹಾಗೇ ಇರಲಿ, ನೋಡಿ ತಿದ್ದಿದವಳು ಪದ್ಮಾವತಿ, ನಾನು, ಈಗ ಒಂದು ಸೆನ್ಸರಿನ ತಂತಿ ಕಿತ್ತು ನೋಡಬೇಕು, ಕಿತ್ತೆ, ಇನ್ನೊಂದರ ಮುಂದೆ ಕೈ ಆಡಿಸಿದೆ, ದೀಪ ಹತ್ತಿತು, ಆಗಲೇ ಹತ್ತಿತು, ಸಾವಿರ ಸಲ ಕೇಳಿಯಾಯಿತೇ, ಇಷ್ಟು ಬೇಗ ಬಿಟ್ಟುಬಿಟ್ಟಿತೇ, ಇರಲಿ, ನೀಲಿಯ ಮಕ್ಕಳು ಯಾವ ಮಗ್ಗುಲಲ್ಲಾದರೂ ಮಲಗಲಿ, ಕೋಡನ್ನು ಕರ್ನೆಲ್ಲಿನವರಿಗೆ ಕಳಿಸಬೇಕು, ಒತ್ತಿದೆ, ಹೋಯಿತು, ಬಿಳಿ ಹೊದಿಕೆ, ಅದರಾಚೆ ಹೆಬ್ಬೆರಳು, ಅಲುಗಿತು, ನಾನು ನೋಡಿದೆ, ಹೆಬ್ಬೆರಳು