ಮೊದಲ ಒನಕೆ ಯಾರದು

ಕೊಯಮತ್ತೂರಿನ ಒಂದು ಪಂಪ್‌ಸೆಟ್ ಕಂಪನಿಯಲ್ಲಿ ನನಗೆ ಕೆಲಸ. ಪಂಪು ಮಾಡುವವರು ಬೇರೆ. ಅದನ್ನು ಹೇಗೆ ಕೂರಿಸಬೇಕು, ಹೇಗೆ ಬಿಚ್ಚಬೇಕು, ಎಲ್ಲಿ ಕೈ ಇಡಬಾರದು ಎಂದು ಪುಟ ಬರೆಯುವವಳು ನಾನು, ಗೋಕಿಲಾ. ಹನ್ನೊಂದು ವರ್ಷದಿಂದ ಇದನ್ನೇ ಮಾಡಿ ಮಾಡಿ ನನಗೊಂದು ಚಟ ಹತ್ತಿದೆ. ಯಾರು ಏನು ಹೇಳಿದರೂ "ಇದನ್ನು ಮಾಡೋರು ಯಾರು?" ಎಂದು ಕೇಳುತ್ತೇನೆ. ಹಿಂದೊಮ್ಮೆ ನಮ್ಮ ಪುಟವೊಂದರಲ್ಲಿ "ಮೊದಲು ಸ್ವಿಚ್ ಆರಿಸತಕ್ಕದ್ದು" ಎಂದಷ್ಟೇ ಇತ್ತು. ತೋಟದವನು ಆರಿಸಿರುತ್ತಾನೆಂದು ಫಿಟ್ಟರ್, ಫಿಟ್ಟರ್ ಆರಿಸುತ್ತಾನೆಂದು ತೋಟದವನು. ಕೊನೆಗೆ ಫಿಟ್ಟರಿನ ಎರಡು ಬೆರಳು ಹೋದವು. ಅಂದಿನಿಂದ ಮಾಡುವವರು ಯಾರೆಂದು ಹೇಳದ ಒಂದು ಸಾಲೂ ನನ್ನ ಪುಟದಲ್ಲಿ ಇರುವುದಿಲ್ಲ. ಆಫೀಸಿನಲ್ಲಿ ಇದಕ್ಕೆ ಶಹಬ್ಬಾಸ್ ಅನ್ನುತ್ತಾರೆ. ಮನೆಯಲ್ಲಿ ನನ್ನ ಗಂಡ ಕೈ ಮುಗಿಯುತ್ತಾನೆ.

ಮೆಟ್ಟುಪಾಳ್ಯಂ ಮಂಡಿಯಲ್ಲಿ ಆಲೂಗಡ್ಡೆ ವ್ಯಾಪಾರ ಮಾಡುವ ಮೋಹನ್ ರಾಜ್ ನನ್ನ ದೊಡ್ಡಪ್ಪನ ಮಗ. ತನ್ನ ಮಗಳು ಸುಗನ್ಯಾಳ ಮದುವೆ ತೈ ತಿಂಗಳಲ್ಲಿ, ಸಂಕ್ರಾಂತಿ ಆದ ಮೇಲೆ, ಎಂದು ಗೊತ್ತಾದ ಕೂಡಲೇ ನನಗೆ ಫೋನು ಮಾಡಿದ. ನಮ್ಮ ಕಡೆ ಮದುವೆಯ ಶಾಸ್ತ್ರಗಳಿಗೆ ಸೀರು ಅನ್ನುತ್ತಾರೆ. ಹಿಂದಿನ ಮದುವೆಯಲ್ಲಿ ಕಂಕಣ ಮೊದಲೋ ನೀರು ತರುವುದು ಮೊದಲೋ ಎಂದು ಚಪ್ಪರದಡಿ ಎರಡು ಗಂಟೆ ಜಗಳವಾಗಿ ಅಡುಗೆಯವರು ಸಾಂಬಾರನ್ನು ಎರಡು ಸಲ ಬಿಸಿ ಮಾಡಿದ್ದರು. ಎಲ್ಲ ತಿಳಿದವಳು ಮೋಹನಣ್ಣನ ತಾಯಿ, ನನ್ನ ದೊಡ್ಡಮ್ಮ ಪಳನಿಯಮ್ಮಾಳ್ ಒಬ್ಬಳೇ. ಅಂದು ಅವಳು ಜ್ವರ ಬಂದು ಮನೆಯಲ್ಲಿ ಮಲಗಿದ್ದಳು. ಈಗ ಅವಳಿಗೆ ಅರವತ್ತೊಂಬತ್ತು. ಅವಳಿರುವಾಗಲೇ ಕೇಳಿ ಒಂದು ಪುಟ ಮಾಡು, ಎಲ್ಲರ ಫೋನಿನಲ್ಲೂ ಇರಲಿ ಅಂದ ಅಣ್ಣ. ಅಕ್ಷರ ತಮಿಳಿನದು, ಮಾತು ನಮ್ಮದು ಎಂದೂ ಕಟ್ಟಳೆ ಹಾಕಿದ. ನಾಲ್ಕೈದು ತಲೆಮಾರಿನಿಂದ ಇಲ್ಲೇ ಇರುವ ನಮ್ಮವರಿಗೆ ಕನ್ನಡ ಬಾಯಿಗೆ ಬರುತ್ತದೆ, ಕಣ್ಣಿಗೆ ಬರುವುದಿಲ್ಲ. ಕನ್ನಡದ ಅಕ್ಷರ ಕಲಿತವಳು ಇಡೀ ಮನೆತನದಲ್ಲಿ ನಾನೊಬ್ಬಳೇ, ಅದೂ ಹಟಕ್ಕೆ ಬಿದ್ದು.

ಹೀಗೆ ಮೂರು ಭಾನುವಾರ ಬಸ್ಸು ಹಿಡಿದು ತೋಟದ ಮನೆಗೆ ಹೋದೆ. ದೊಡ್ಡಪ್ಪ ಕುಪ್ಪಸಾಮಿ ತೀರಿಕೊಂಡು ಎಂಟು ತಿಂಗಳಾಗಿತ್ತು. ದೊಡ್ಡಮ್ಮ ಸೊರಗಿದ್ದಳು, ಆದರೆ ಕೆಲಸ ಎಂದರೆ ಮೈ ಕೊಡವಿಕೊಂಡು ಏಳುವ ಹೆಂಗಸು. ನಾನು ಮಾರ್ಕ್‌ಡೌನ್‌ನಲ್ಲಿ ಗುರುತುಗಳನ್ನಿಟ್ಟು ಪುಟಕ್ಕೆ ರೂಪ ಕೊಡುತ್ತ ಟೈಪು ಮಾಡುವುದನ್ನು ಪಕ್ಕದಲ್ಲೇ ಕೂತು ನೋಡಿದಳು. ಸಾಲಿನ ಮುಂದೆ ಒಂದು ಹ್ಯಾಶ್ ಗುರುತು ಹಾಕಿದರೆ ದೊಡ್ಡ ತಲೆಬರಹ, ಎರಡು ಹಾಕಿದರೆ ಅದಕ್ಕಿಂತ ಚಿಕ್ಕದು, ಮೂರು ಹಾಕಿದರೆ ಇನ್ನೂ ಚಿಕ್ಕದು ಎಂದು ವಿವರಿಸಿದೆ. ಗುರುತು ಜಾಸ್ತಿಯಾದಷ್ಟೂ ಅಕ್ಷರ ಸಣ್ಣದಾಗುವುದು ಅವಳಿಗೆ ಸರಿಬರಲಿಲ್ಲ. ನಿಮ್ಮ ಆಫೀಸಿನಲ್ಲಿ ಎಲ್ಲಾ ತಲೆಕೆಳಗು ಅಂದಳು. ಪದದ ಆಚೆ ಈಚೆ ಎರಡೆರಡು ನಕ್ಷತ್ರದ ಚುಕ್ಕಿ ಇಟ್ಟರೆ ಅದು ದಪ್ಪಕ್ಷರವಾಗುವುದು ಮಾತ್ರ ಇಷ್ಟವಾಯಿತು. ಎಲ್ಲಕ್ಕೂ ಇಡು ಅಂದಳು. ಎಲ್ಲವೂ ದಪ್ಪವಾದರೆ ಯಾವುದೂ ಕಣ್ಣಿಗೆ ಬೀಳುವುದಿಲ್ಲ, ತಪ್ಪಲೇಬಾರದ ಮಾತಿಗೆ ಮಾತ್ರ ಎಂದು ನಾನು ಪಾಠ ಒಪ್ಪಿಸಿದೆ. ಉಪ್ಪಿನ ಹಾಗೆ ಅನ್ನು, ಅಂದಳು.

ಜಗಳ ಆದದ್ದು ಎಣಿಕೆಯ ವಿಷಯಕ್ಕೆ. ಸೀರಿನ ಅಕ್ಕಿಯನ್ನು ಪಡಿಯಲ್ಲಿ ಅಳೆಯುವಾಗ ನಮ್ಮವರು ಒಂದು ಅನ್ನುವುದಿಲ್ಲ. ಲಾಭ, ಎರಡು, ಮೂರು ಎಂದೇ ಎಣಿಸುವುದು. ಒಂಟಿ ಎಂಬ ಮಾತು ಶುಭಕ್ಕೆ ಬೇಡ ಎಂದು. ಪುಟದಲ್ಲಿ ಅಂಕಿ ತಾನಾಗಿ ಒಂದರಿಂದ ಹುಟ್ಟುತ್ತದೆ, ಅದಕ್ಕೆ ನಿನ್ನ ಲಾಭ ಗೊತ್ತಿಲ್ಲ ಅಂದೆ. ದೊಡ್ಡಮ್ಮ ಮುಖ ಊದಿಸಿಕೊಂಡಳು. ಪುಟದಲ್ಲಿ ಒಂದು ಇರಲಿ, ಬಾಯಲ್ಲಿ ಲಾಭ ಇರಲಿ ಎಂದು ಕೊನೆಗೆ ರಾಜಿಯಾಯಿತು.

ಮೂರನೆಯ ಭಾನುವಾರ ಅರಿಶಿನ ಕುಟ್ಟುವ ಸೀರಿಗೆ ಬಂದೆವು. ಮದುವೆಗೆ ಎರಡು ದಿನ ಮುಂಚೆ, ಬೆಳಿಗ್ಗೆ, ಅಂಗಳದ ಒರಳಿನಲ್ಲಿ ಹೊಸ ಅರಿಶಿನ ಹಾಕಿ ಒಬ್ಬಳು ಐದು ಏಟು ಕುಟ್ಟುತ್ತಾಳೆ. ಆಮೇಲೆ ಉಳಿದವರು ಕೈ ಹಾಕುತ್ತಾರೆ. ಮೊದಲ ಒನಕೆ ಯಾರದೋ ಆ ಮದುವೆಯ ಸೀರುಗಳೆಲ್ಲ ಅವಳ ಮಾತಿನಂತೆ ನಡೆಯುತ್ತವೆ. ನಮ್ಮ ಅಜ್ಜಿ ಹೋದ ಮೇಲೆ ಇಪ್ಪತ್ತೆರಡು ವರ್ಷ ಅದು ದೊಡ್ಡಮ್ಮನ ಕೈಯಲ್ಲೇ ಇತ್ತು. ನನ್ನ ಮದುವೆಗೂ ಅವಳೇ ಕುಟ್ಟಿದ್ದಳು. ಈಗ ಸ್ವಂತ ಮೊಮ್ಮಗಳ ಮದುವೆ.

"ಆಮೇಲೆ ಮೊದಲ ಒನಕೆ ಹಾಕೋದು" ಎಂದು ಅವಳು ಹೇಳಿದಳು. ನಾನು ತಲೆಯೆತ್ತದೆ, ಚಟದಂತೆ, ಕೇಳಿದೆ.

"ಯಾರು?"

ಅವಳು ಅಂಗಳದ ಒರಳಿನ ಕಡೆ ನೋಡಿದಳು. ಆಮೇಲೆ ಮೆಲ್ಲಗೆ, ಮುದ್ದಿಗೆ ನಮ್ಮನ್ನೆಲ್ಲ ಕರೆಯುವ ಹಾಗೇ ಕರೆದು ಅಂದಳು:

"ಸುಮಂಗಲಿ ಅಂತ ಹಾಕು, ಕಣ್ಣು."

ಹಾಕಿದೆ. ಆಚೆ ಎರಡು ಚುಕ್ಕಿ, ಈಚೆ ಎರಡು ಚುಕ್ಕಿ ಇಟ್ಟೇ ಹಾಕಿದೆ. ಪುಟ ಹೇಗೆ ಕಾಣುತ್ತದೆಂದು ತೆರೆದು ಅವಳಿಗೆ ತೋರಿಸಿದೆ. ಅವಳು ಆ ಕಪ್ಪು ಪದದ ಮೇಲೆ ಬೆರಳಿಟ್ಟು, ಬಹಳ ದಪ್ಪ ಬಂದದೆ ಅಂದಳು. ಕಾಫಿ ಕುಡಿಯುತ್ತೀಯಾ ಎಂದು ಕೇಳಿದಳು. ನಾನು ಕಾಫಿ ಕುಡಿದು, ಬಸ್ಸು ಹತ್ತಿ, ಸೀಟು ಸಿಕ್ಕ ಖುಷಿಯಲ್ಲಿ ಮನೆಯವರ ಗ್ರೂಪಿಗೆ ಲಿಂಕು ಕಳಿಸಿದೆ. ಅಷ್ಟು ದಡ್ಡಿ ನಾನು.

ಸೋಮವಾರ ಗ್ರೂಪಿನ ತುಂಬ ಚಪ್ಪಾಳೆ. ಇಷ್ಟು ಸ್ಪಷ್ಟವಾಗಿ ಯಾರೂ ಬರೆದಿರಲಿಲ್ಲ, ಇನ್ನು ಜಗಳಕ್ಕೆ ಜಾಗವೇ ಇಲ್ಲ ಎಂದು ನಲವತ್ತು ಜನ ಹೊಗಳಿದರು. ಮಂಗಳವಾರ ನನ್ನ ತಾಯಿ ತಂಗಮ್ಮ ಫೋನು ಮಾಡಿದಳು. ದೊಡ್ಡಮ್ಮನಿಗೆ ಅವಳು ವಾರಗಿತ್ತಿ, ಮನೆಯ ಎರಡನೆಯ ಸೊಸೆ, ನಮ್ಮಪ್ಪ ಗಟ್ಟಿಮುಟ್ಟಾಗಿದ್ದಾರೆ. ಪುಟದಲ್ಲಿ ಹಾಗಿದೆಯಲ್ಲ, ಮೊದಲ ಒನಕೆ ನೀವೇ ಹಾಕಿ ಚಿಕ್ಕಮ್ಮ ಎಂದು ಮೋಹನಣ್ಣ ಅವಳಿಗೆ ಹೇಳಿದ್ದನಂತೆ. ಸೀರೆ ಯಾವುದು ಉಡಲಿ ಎಂದು ಕೇಳಿದಳು. ಕೇಳುತ್ತ ಕೇಳುತ್ತ ಅಳತೊಡಗಿದಳು. ಆಗ ನನ್ನ ತಲೆಗೆ ಹೋಯಿತು.

ಮೋಹನಣ್ಣನಿಗೆ ಫೋನು ಮಾಡಿ ಬಾಯಿಗೆ ಬಂದಂತೆ ಬೈದೆ. ಅವನು ಎಲ್ಲವನ್ನೂ ಕೇಳಿಸಿಕೊಂಡ. ಅರಿಶಿನ ಕುಟ್ಟುವ ಬೆಳಿಗ್ಗೆ ತನ್ನ ಅಮ್ಮ ಅಭ್ಯಾಸಬಲದಿಂದ ಒನಕೆ ಎತ್ತಿಕೊಳ್ಳುತ್ತಾಳೆ, ಎತ್ತಿದವಳನ್ನು ಬೇಡ ಅನ್ನುವ ಗಂಡೆದೆ ನಮ್ಮ ಮನೆಯಲ್ಲಿ ಯಾರಿಗೂ ಇಲ್ಲ, ಹಾಗೇ ನಡೆದುಹೋಗುತ್ತದೆ ಎಂದು ಅವನು ಲೆಕ್ಕ ಹಾಕಿದ್ದನಂತೆ.

"ಯಾರೂ ಕೇಳ್ತಿರ್ಲಿಲ್ಲ, ಗೋಕಿಲಾ. ನೀನು ಕೇಳ್ದೆ" ಅಂದ.

ಆಫೀಸಿನ ಕ್ಯಾಂಟೀನಿನಲ್ಲಿ ತಟ್ಟೆ ಮುಂದಿಟ್ಟುಕೊಂಡು ಅತ್ತೆ. ಆ ಸಾಲನ್ನು ಅಳಿಸಲು ಅರ್ಧ ನಿಮಿಷ ಸಾಕು. ಆದರೆ ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು. ನಲವತ್ತು ಜನ ಓದಿಯಾಗಿತ್ತು. ಈಗ ಅಳಿಸಿದರೆ ಪಾಪ ಎಂದು ಅಳಿಸಿದರು ಅನ್ನುತ್ತಾರೆ. ದೊಡ್ಡಮ್ಮ ಹಸಿವನ್ನು ತಡೆದುಕೊಂಡಾಳು, ಕನಿಕರವನ್ನು ತಡೆದುಕೊಳ್ಳಲಾರಳು. ಬುಧವಾರ ರಜೆ ಹಾಕಿ ತೋಟಕ್ಕೆ ಹೋದೆ.

ಅವಳು ಜಗುಲಿಯ ಮೇಲೆ ಅರಿಶಿನದ ಕೊಂಬು ಆರಿಸುತ್ತಿದ್ದಳು, ತಾನು ಕುಟ್ಟದ ಅರಿಶಿನ. ತಪ್ಪಾಯಿತು ಅಂದೆ. ಹೇಳಿದವಳು ತಾನು, ಬರೆದವಳದೇನು ತಪ್ಪು ಅಂದಳು. ಅಷ್ಟಕ್ಕೇ ಬಿಡುತ್ತಾಳೆಂದುಕೊಂಡೆ. ಕೊಂಬಿನ ಮೇಲಿನ ಮಣ್ಣು ತಿಕ್ಕುತ್ತಲೇ ಮುಂದುವರಿಸಿದಳು:

"ನಾನು ಕುಟ್ಟಿ, ನಾಳೆ ಸುಗನ್ಯಾಗೆ ಒಂದು ತಲೆನೋವು ಬಂದ್ರೂ ಪಳನಿಯಮ್ಮನ ಕೈ ಅಂತಾರೆ. ಊರೋರು ಅನ್ಲಿ, ಪರವಾಯಿಲ್ಲ. ನಾನೇ ಅಂದ್ಕೋತೀನಲ್ಲ, ಕಣ್ಣು."

ಕಾಲ ಬದಲಾಗಿದೆ, ಅದೆಲ್ಲ ಮೂಢನಂಬಿಕೆ ಎಂದು ಭಾಷಣ ಬಿಗಿಯಬಹುದಿತ್ತು. ಅವಳು ಕೇಳಿಸಿಕೊಂಡು ಇನ್ನೊಂದು ಲೋಟ ಕಾಫಿ ಕೊಟ್ಟು ಕಳಿಸುತ್ತಿದ್ದಳು. ನನಗೆ ಬರುವುದು ಒಂದೇ ಕೆಲಸ. ಪುಟದ ಮೇಲೆ ಅನುಮಾನ ಬಂದರೆ ನಾನು ಎಂಜಿನಿಯರನ್ನು ಕೇಳುವುದಿಲ್ಲ, ಶೆಡ್ಡಿಗೆ ಹೋಗಿ ಫಿಟ್ಟರಿನ ಕೈ ನೋಡುತ್ತೇನೆ. ಹೇಗೆ ಮಾಡಬೇಕು ಎಂದು ಜನ ಹೇಳುವುದು ಒಂದು, ಮಾಡುವುದು ಇನ್ನೊಂದು. ಹಾಗಾಗಿ ನಿನ್ನ ಮದುವೆಯಲ್ಲಿ ಮೊದಲ ಒನಕೆ ಯಾರದು ಎಂದು ಕೇಳಿದೆ.

"ನಮ್ಮಪ್ಪನ ಅವ್ವಂದು" ಎಂದು ಥಟ್ಟನೆ ಹೇಳಿದಳು.

ಆಗ ನಿನ್ನಜ್ಜ ಇದ್ದರಾ ಎಂದು ಕೇಳಿದೆ. ಕೊಂಬು ತಿಕ್ಕುತ್ತಿದ್ದ ಕೈ ನಿಂತಿತು. ಅಜ್ಜ ಹೋಗಿ ಹನ್ನೆರಡು ವರ್ಷವಾಗಿತ್ತು ಎಂದು ಹೇಳಿದಳು. ಈ ಮನೆಗೆ ಬಂದ ಮೇಲೆ ನೋಡಿದ ಮೊದಲ ಮದುವೆ ಯಾವುದು ಎಂದೆ. ದೊಡ್ಡಪ್ಪನ ತಂಗಿಯದು, ಇದೇ ಅಂಗಳದಲ್ಲಿ. ಕುಟ್ಟಿದ್ದು ದೊಡ್ಡಪ್ಪನ ಅಪ್ಪನ ತಾಯಿ. ಆ ಮುದುಕಿಗೆ ಕಣ್ಣು ಕಾಣುತ್ತಿರಲಿಲ್ಲ, ಇಬ್ಬರು ಮೊಣಕೈ ಹಿಡಿದುಕೊಂಡಿದ್ದರು, ಒಂದು ಮೊಣಕೈ ಹಿಡಿದವಳು ಇದೇ ಪಳನಿಯಮ್ಮಾಳ್. ಆ ಮುದುಕಿಯ ಗಂಡನನ್ನು ಈ ಮನೆಗೆ ಬಂದ ಸೊಸೆಯರು ಯಾರೂ ಕಂಡವರೇ ಅಲ್ಲ. ಆ ಮದುವೆಯ ಹೆಣ್ಣು, ನಮ್ಮ ಅತ್ತೆ, ಇಂದಿಗೂ ಪೊಳ್ಳಾಚಿಯಲ್ಲಿ ಐದು ಮೊಮ್ಮಕ್ಕಳನ್ನು ಗದರಿಸಿಕೊಂಡು ಚೆನ್ನಾಗಿದ್ದಾಳೆ.

ಹಾಗಾದರೆ ಸುಮಂಗಲಿಯೇ ಆಗಬೇಕು ಎಂದು ಹೇಳಿದವರು ಯಾರು ಎಂದು ಕೇಳಿದೆ. ದೊಡ್ಡಮ್ಮ ಬಹಳ ಯೋಚಿಸಿದಳು. ಕಲ್ಯಾಣ ಮಂಟಪಗಳಲ್ಲಿ ಕೇಳಿದ್ದಿರಬಹುದು, ಟೀವಿಯಲ್ಲಿ ನೋಡಿದ್ದಿರಬಹುದು. ಇಪ್ಪತ್ತೆರಡು ವರ್ಷ ತಾನು ಕುಟ್ಟುವಾಗ ಆ ಮಾತು ತನಗೆ ತಾಗಿರಲಿಲ್ಲ, ಆದ್ದರಿಂದ ಅದು ಯಾವಾಗ ಒಳಗೆ ಬಂತೋ ಗೊತ್ತಿಲ್ಲ ಅಂದಳು. ಆಮೇಲೆ ನನ್ನ ಮುಖ ನೋಡಿದಳು.

"ಅವಾಗ ಯಾರೂ ಕೇಳ್ಲೇ ಇಲ್ಲ ಕಣ್ಣು. ಅಜ್ಜಿ ಇದ್ಲು, ಅಜ್ಜಿ ಕುಟ್ಟಿದ್ಲು."

ನಾನು ಲ್ಯಾಪ್‌ಟಾಪು ತೆರೆದೆ. ದಪ್ಪಕ್ಷರದ ಪದವನ್ನೂ ಅದರ ನಾಲ್ಕು ಚುಕ್ಕಿಗಳನ್ನೂ ತೆಗೆದುಹಾಕಿ, ಅವಳ ಎದುರಿಗೇ ಓದಿಕೊಂಡು ಬರೆದೆ: ಮೊದಲ ಒನಕೆ, ಹೆಣ್ಣಿನ ಅಪ್ಪನ ತಾಯಿಯದು. ಅವರಿಲ್ಲದಿದ್ದರೆ ಮನೆಯ ಹಿರಿಯ ಹೆಂಗಸಿನದು. ಕೆಳಗೆ ಎರಡು ಮದುವೆಗಳ ಹೆಸರು, ಕುಟ್ಟಿದವರ ಹೆಸರು. ಕನಿಕರದ ಒಂದು ಅಕ್ಷರವೂ ಇಲ್ಲ, ನಡೆದದ್ದು ಮಾತ್ರ. ಪುಟ ಸರಿಮಾಡಿದ್ದೇನೆ, ಕುಟ್ಟುವುದು ಬಿಡುವುದು ನಿನಗೆ ಸೇರಿದ್ದು ಅಂದೆ. ಅವಳು ಆರಿಸಿದ ಕೊಂಬುಗಳನ್ನು ಮತ್ತೆ ಮೊದಲಿನಿಂದ ಆರಿಸತೊಡಗಿದಳು.

ಅರಿಶಿನ ಕುಟ್ಟುವ ಬೆಳಿಗ್ಗೆ ಅಂಗಳದ ತುಂಬ ಹೆಂಗಸರು. ನನ್ನ ತಾಯಿ ಹಸಿರು ರೇಷ್ಮೆ ಉಟ್ಟು ಒರಳಿನ ಪಕ್ಕ ಒನಕೆ ಹಿಡಿದು ನಿಂತಿದ್ದಳು, ಯಾರದೋ ಮಗುವನ್ನು ಎತ್ತಿಕೊಂಡವಳ ಹಾಗೆ. ದೊಡ್ಡಮ್ಮ ಮೊರ ಹಿಡಿದುಕೊಂಡು ಗೋಡೆಗೆ ಒರಗಿದ್ದಳು. ಮದುಮಗಳು ಸುಗನ್ಯಾ ಫೋನು ಕೈಯಲ್ಲಿಟ್ಟುಕೊಂಡು ಬಸ್ಸಿನ ಕಂಡಕ್ಟರಿನ ಗತ್ತಿನಲ್ಲಿ ಪುಟ ಓದುತ್ತಿದ್ದಳು. ಒರಳು ತೊಳೆಯುವವರು ಯಾರು, ಅರಿಶಿನ ಹಾಕುವವರು ಯಾರು, ಒಂದೊಂದೂ ನಡೆಯಿತು. ಮೊದಲ ಒನಕೆ ಹೆಣ್ಣಿನ ಅಪ್ಪನ ತಾಯಿಯದು ಎಂಬ ಸಾಲನ್ನು ಓದಿ ಫೋನು ಕೆಳಗಿಳಿಸಿದಳು.

ಯಾರೂ ಏನೂ ಕೇಳಲಿಲ್ಲ. ನನ್ನ ನಾಲಿಗೆ ತುರಿಸುತ್ತಿತ್ತು; ಹಲ್ಲು ಕಚ್ಚಿ ನಿಂತೆ. ಅಮ್ಮ ಒನಕೆ ಹೊತ್ತುಕೊಂಡು ಗೋಡೆಯ ಕಡೆಗೆ ನಡೆದಳು.

"ಅಕ್ಕಾ, ಪುಟದಲ್ಲಿ ನಿಮ್ಮದು ಅಂತ ಇದೆ. ನಂಗಿದು ಭಾರ" ಅಂದಳು.

ದೊಡ್ಡಮ್ಮ ಮೊರ ಬಿಡಲಿಲ್ಲ. ಮೊಮ್ಮಗಳನ್ನೇ ನೋಡಿದಳು, ಅಂಗಳದಲ್ಲಿ ಬೇರೆ ಯಾರೂ ಇಲ್ಲವೇನೋ ಎಂಬಂತೆ.

"ಅಜ್ಜೀ, ತಲೆನೋವು ಬಂದ್ರೆ ಮಾತ್ರೆ ತಗೋತೀನಿ ಬಾ" ಅಂದಳು ಸುಗನ್ಯಾ.

ಆ ತಲೆನೋವಿನ ಮಾತನ್ನು ಅವಳ ಕಿವಿಗೆ ಹಾಕಿದ್ದವಳು ನಾನೇ. ನನ್ನ ಬಾಯಿ ನಿಲ್ಲುವುದಿಲ್ಲ. ದೊಡ್ಡಮ್ಮ ನನ್ನತ್ತ ತಿರುಗಿ ಕಣ್ಣು ಕೆಕ್ಕರಿಸಿದಳು. ಹಾಗೆ ಕೆಕ್ಕರಿಸಿದ್ದು ನೋಡಿ ಎಂಟು ತಿಂಗಳಾಗಿತ್ತು, ನನಗೆ ಜೀವ ಬಂತು. ಮೊರವನ್ನು ನನ್ನ ಕೈಗೆ ತುರುಕಿ, ಸೆರಗನ್ನು ಸೊಂಟಕ್ಕೆ ಸಿಕ್ಕಿಸಿ, ಒನಕೆಯನ್ನು ಎರಡೂ ಕೈಯಲ್ಲಿ ಮೇಲೆತ್ತಿದಳು.

"ಲಾಭ" ಅಂದಳು, ಕುಟ್ಟಿದಳು.