ಹಾವಗೆಪ್ಪನ ಬಂದೂಕು

ಆಷಾಢದಲ್ಲಿ ಹತ್ತಿದ ಜ್ವರ ಇಳಿಯದೆ ಹಾವಗೆಪ್ಪ ತೀರಿಕೊಂಡ. ಹಿಂದೆ ಉಳಿದದ್ದು ಹೆಂಡತಿ ಗುಂಡಮ್ಮ, ಔರಾದ ಸೀಮೆಯ ಎರೆಹೊಲ, ಒಂದು ಜೋಡಿ ಎತ್ತು, ಮತ್ತೆ ಒಳಕೋಣೆಯಲ್ಲಿ ಗೋಡೆಗೆ ಒರಗಿಸಿಟ್ಟ ಎರಡು ನಳಿಗೆಯ ಬಂದೂಕು. ತೊಗರಿ ಹೊಲಕ್ಕೆ ನುಗ್ಗುವ ಹಂದಿಗಳನ್ನು ಬೆದರಿಸಲು ಅವನು ಸರ್ಕಾರದ ಲೈಸನ್ಸು ಪಡೆದು ತಂದಿದ್ದ ಬಂದೂಕು ಅದು.

ಅದರ ವಿಷಯದಲ್ಲಿ ಹಾವಗೆಪ್ಪ ಬಹಳ ಕಟ್ಟುನಿಟ್ಟಿನವನು. ಹೊಲದಿಂದ ಬಂದವನು ಹೊಸ್ತಿಲಾಚೆಯೇ ನಿಂತು ಬಂದೂಕನ್ನು ನಡುವಿನ ಕೀಲಿನಲ್ಲಿ ಮಡಚಿ ತೆರೆದು, ತೋಟಾ ಹೊರತೆಗೆದು, ನಳಿಗೆಯನ್ನು ಆಕಾಶಕ್ಕೆ ಹಿಡಿದು ಒಳಗೆ ಬೆಳಕು ಕಾಣುವುದೋ ಎಂದು ನೋಡುತ್ತಿದ್ದ. ತೋಟಾಗಳಿಗೆ ಬೇರೆ ಪೆಟ್ಟಿಗೆ. ಅದರ ಕೀಲಿ ಗುಂಡಮ್ಮನ ಸೊಂಟದಲ್ಲಿ. "ಖಾಲಿ ಅದ ಅಂತ ಮನಸ್ಸು ಹೇಳಿದ್ರ ಸಾಲಂಗಿಲ್ಲ, ಕಣ್ಣು ನೋಡ್ಬೇಕು" ಎಂದು ಅವಳಿಗೂ ತೆರೆದು ನೋಡುವುದನ್ನು ಕಲಿಸಿದ್ದ.

ಅವನು ಸತ್ತ ಮೇಲೆ ಬಂದೂಕನ್ನು ಸರ್ಕಾರಕ್ಕೆ ಒಪ್ಪಿಸಬೇಕೆಂದು ಗುಂಡಮ್ಮನಿಗೆ ಗೊತ್ತಿತ್ತು. ಆದರೆ ಅದು ನಿಜಾಮನ ಸಂಸ್ಥಾನವೇ ಹೊತ್ತಿ ಉರಿಯುತ್ತಿದ್ದ ವರ್ಷ; ಠಾಣೆಗೆ ಕೊಟ್ಟದ್ದು ರಜಾಕಾರರ ಕೈ ಸೇರುತ್ತಿತ್ತು. ಶ್ರಾವಣದಲ್ಲಿ ರಜಾಕಾರರು ಕುದುರೆ ಏರಿ ಬಂದು ಅಂಗಳದಲ್ಲಿ ನಿಂತು ಬಂದೂಕು ಕೇಳಿದರು. ಗುಂಡಮ್ಮನ ಗಾಡಿ ಹೊಡೆಯುವ ಅಯ್ಯುಬ ಮುಂದೆ ಬಂದು, ಯಜಮಾನರು ಸತ್ತ ವಾರವೇ ಅದನ್ನು ಔರಾದ ಠಾಣೆಗೆ ಕೊಟ್ಟಾಯಿತು ಎಂದು ದಖನಿ ಉರ್ದುವಿನಲ್ಲಿ ಹೇಳಿದ. ನಂಬದೆ ಅವನ ಕೆನ್ನೆಗೆ ಹೊಡೆದರು. ಅವನು ಮಾತು ಬದಲಿಸಲಿಲ್ಲ. ಬಂದೂಕು ಆಗ ಜೋಳದ ಕಣಿಕೆಯ ಬಣವೆಯಲ್ಲಿತ್ತು, ಅಡಗಿಸಿದವನೂ ಅವನೇ.

ಭಾದ್ರಪದದಲ್ಲಿ ಹಿಂದುಸ್ತಾನದ ಫೌಜು ಬಂತು. ನಾಲ್ಕೈದು ದಿನದಲ್ಲಿ ನಿಜಾಮನ ಆಳ್ವಿಕೆ ಮುಗಿಯಿತು, ರಜಾಕಾರರು ದಿಕ್ಕಾಪಾಲಾದರು. ಊರಿನವರು ಉಸಿರು ಬಿಟ್ಟರು. ಆಮೇಲೆ ಊರೂರಲ್ಲಿ ಮುಸಲ್ಮಾನರ ಮೇಲೆ ಸೇಡಿನ ಮಾತು ಎದ್ದಿತು. ಒಂದು ಸಂಜೆ ಪಕ್ಕದ ಮನೆಯ ಶಿವರಾಜಪ್ಪ ಇಬ್ಬರನ್ನು ಕರೆದುಕೊಂಡು ಬಂದ.

"ವೈನಿ, ಅಣ್ಣನ ಬಂದೂಕು ಒಂದಿನ ಕೊಡ್ರಿ."

"ಯಾಕ?"

"ಯಾಕ ಅಂತ ನಿಮಗ ಗೊತ್ತದ. ನಮ್ಮ ಮಂದಿಗೆ ಅವರು ಏನ್ ಮಾಡ್ಯಾರ ಮರತ್ರೇನು?"

"ಮರತಿಲ್ಲ" ಎಂದಳು ಗುಂಡಮ್ಮ. "ಅವರು ಕೇಳಿದಾಗೂ ಕೊಟ್ಟಿಲ್ಲ, ನೀವು ಕೇಳಿದ್ರೂ ಕೊಡಂಗಿಲ್ಲ. ಹಂದಿ ಕಾಯ್ಲಾಕ ತಂದದ್ದದು. ಮಂದಿ ಮ್ಯಾಲ ಹಾರಸ್ಲಾಕಲ್ಲ."

ಶಿವರಾಜಪ್ಪ ಮುಖ ಗಂಟಿಕ್ಕಿಕೊಂಡು ಹೋದ. ಕತ್ತಲಾಗುವ ಮೊದಲೇ ಗುಂಡಮ್ಮ ಅಯ್ಯುಬನನ್ನೂ ಅವನ ಹೆಂಡತಿ ಕುಲಸುಮಬೀಯನ್ನೂ ತನ್ನ ಮನೆಯೊಳಗೆ ಕರೆದುಕೊಂಡಳು. ಬಂದೂಕು ಇರುವವರೆಗೆ ಕೇಳುವವರು ಬರುತ್ತಲೇ ಇರುತ್ತಾರೆ, ಇವತ್ತು ಕೇಳಿದವರು ನಾಳೆ ಕಸಿದುಕೊಂಡಾರು ಎಂಬ ಹೆದರಿಕೆ ಅವಳಿಗೆ ಹತ್ತಿತು. ಅಷ್ಟರಲ್ಲಿ, ಎಲ್ಲರೂ ತಮ್ಮ ಆಯುಧ ಸರ್ಕಾರಕ್ಕೆ ಒಪ್ಪಿಸಬೇಕೆಂದು ಊರಲ್ಲಿ ಡಂಗುರವನ್ನೂ ಸಾರಿದರು. ಔರಾದದ ಕಚೇರಿಗೆ ಆಳು ಕಳಿಸಿದಳು. ಠಾಣೆಯ ಮುಖ್ಯಸ್ಥ ಅಮೀನ ಓಡಿಹೋಗಿದ್ದಾನೆ, ಬಾಗಿಲಿಗೆ ಬೀಗ ಬಿದ್ದಿದೆ ಎಂಬ ಸುದ್ದಿ ಬಂತು. ಉಳಿದದ್ದು ಬೀದರ. ಭಾಲ್ಕಿಯಲ್ಲಿ ಅವಳ ತಮ್ಮ ಮನ್ಮಥಪ್ಪ ಕಾಳಿನ ವ್ಯಾಪಾರ ಮಾಡುತ್ತಿದ್ದ. ಗಾಡಿಯಲ್ಲಿ ಅಲ್ಲಿಗೆ ಹೋಗಿ, ಅವನನ್ನು ಜೊತೆಗೆ ಕರೆದುಕೊಂಡು ರೈಲಿನಲ್ಲಿ ಬೀದರಕ್ಕೆ ಹೋದರಾಯಿತು ಎಂದುಕೊಂಡಳು.

"ನಾ ಬರ್ಬೇಕೇನ್ರಿ ಅಕ್ಕಾ?" ಎಂದ ಅಯ್ಯುಬ. "ದಾರ್ಯಾಗ ನನ್ನ ಗಡ್ಡ ನೋಡಿ ಯಾರರ ಏನರ ಅಂದ್ರ?"

"ಈ ಎತ್ತು ಬ್ಯಾರೆಯವರ ಮಾತು ಕೇಳ್ತಾವೇನೋ? ನಾ ಬಾಜೂಕ ಕುಂತಿರ್ತೇನಿ. ನಿನಗ ಯಾರು ಮುಟ್ತಾರ?"

ಕುಲಸುಮಬೀ ರೊಟ್ಟಿ ಕಟ್ಟುತ್ತಿದ್ದವಳು ಕೈ ನಿಲ್ಲಿಸಿ ಗುಂಡಮ್ಮನ ಮುಖ ನೋಡಿದಳು. ಬೇಡ ಎನ್ನಲಿಲ್ಲ. ಆ ಮನೆಯ ಆಸರೆಯಲ್ಲಿದ್ದವಳು ಹ್ಯಾಗೆ ಅಂದಾಳು?

ಗುಂಡಮ್ಮ ಬಂದೂಕು ತೆರೆದು ಎರಡೂ ನಳಿಗೆ ನೋಡಿದಳು. ಅದನ್ನು ಕೌದಿಯಲ್ಲಿ ಸುತ್ತಿ, ಕಳ್ಳರ ಕಣ್ಣಿಗೆ ಬೀಳಬಾರದೆಂದು ಗಾಡಿಯ ಹುಲ್ಲಿನ ಕೆಳಗಿಟ್ಟಳು. ತೋಟಾ ಪೆಟ್ಟಿಗೆ ತನ್ನ ಮಡಿಲಲ್ಲಿ. ಗಂಡನ ಲೈಸನ್ಸು ಸೆರಗಿನ ಗಂಟಿನಲ್ಲಿ. ಎಲ್ಲವನ್ನೂ ಅವನು ಮೆಚ್ಚುವ ಹಾಗೆ ಮಾಡಿದೆ ಎಂಬ ಸಮಾಧಾನ ಅವಳಿಗಿತ್ತು.

ಭಾಲ್ಕಿ ಇನ್ನೇನು ಬಂತು ಎನ್ನುವಾಗ ರಸ್ತೆಗೆ ಅಡ್ಡ ಮರದ ದಿಮ್ಮಿ ಹಾಕಿ ಫೌಜಿನ ಸಿಪಾಯಿಗಳು ನಿಂತಿದ್ದರು. ಗುಂಡಮ್ಮ ತಾನಾಗಿಯೇ ಹೇಳಬೇಕೆಂದು ಬಾಯಿ ತೆರೆಯುವಷ್ಟರಲ್ಲಿ ಒಬ್ಬ ಹುಲ್ಲಿನೊಳಗೆ ಕೋಲು ತಿವಿದ. ಕಬ್ಬಿಣ ಠಣ್ ಎಂದಿತು. ಮರುಗಳಿಗೆಗೆ ಅಯ್ಯುಬ ನೆಲದ ಮೇಲಿದ್ದ, ಅವನ ಬೆನ್ನ ಮೇಲೆ ಬೂಟಿನ ಕಾಲಿತ್ತು.

"ಅವನದಲ್ರಿ, ನಂದದ! ಸರ್ಕಾರಕ್ಕ ಕೊಡ್ಲಾಕ ಹೊಂಟೇವಿ!" ಎಂದು ಗುಂಡಮ್ಮ ಗಾಡಿಯಿಂದ ಧುಮುಕಿದಳು. ಅಧಿಕಾರಿಗೆ ಕನ್ನಡ ತಿಳಿಯದು. ಅಲ್ಲಿದ್ದ ಭಾಲ್ಕಿಯವನೊಬ್ಬ ಹಿಂದಿಯಲ್ಲಿ ಹೇಳಿದ. ಅಧಿಕಾರಿ ಲೈಸನ್ಸು ಓದಿಸಿ ಕೇಳಿಸಿಕೊಂಡ.

"ಈ ಹಾವಗೆಪ್ಪ ಎಲ್ಲಿ?"

"ಲಿಂಗೈಕ್ಯ ಆಗ್ಯಾರ್ರಿ."

"ಹಾಗಾದರೆ ಈ ಲೈಸನ್ಸು ಯಾರದೂ ಅಲ್ಲ. ಒಪ್ಪಿಸುವವರು ಬಂದೂಕನ್ನು ಹುಲ್ಲಿನಲ್ಲಿ ಯಾಕೆ ಬಚ್ಚಿಡುತ್ತಾರೆ?"

ಕಳ್ಳರ ಹೆದರಿಕೆಗೆ ಎಂದಳು. ಆ ಉತ್ತರ ಅವಳ ಕಿವಿಗೇ ಸುಳ್ಳಿನ ಹಾಗೆ ಕೇಳಿಸಿತು. ನನ್ನನ್ನೇ ಹಿಡೀರಿ ಎಂದು ಕೈ ಚಾಚಿದಳು. ಹೆಂಗಸನ್ನು ಹಿಡಿಯುವುದಿಲ್ಲ, ಗಾಡಿ ಹೊಡೆದವನೇ ಸಾಗಿಸಿದವನು ಎಂದರು. ಅಯ್ಯುಬನ ಕೈ ಹಿಂದಕ್ಕೆ ಕಟ್ಟಿ ಲಾರಿಗೆ ಹತ್ತಿಸಿದರು. ತುಟಿ ಒಡೆದು ರಕ್ತ ಸುರಿಯುತ್ತಿತ್ತು. ಅವನು ತಿರುಗಿ ಒಂದೇ ಮಾತು ಹೇಳಿದ: "ಅಕ್ಕಾ, ಎತ್ತಿಗೆ ನೀರು ಕುಡಸ್ರಿ, ಮುಂಜಾನಿಂದ ಕುಡದಿಲ್ಲ."

ಅವಳೇ ಹಗ್ಗ ಹಿಡಿದು ಗಾಡಿಯನ್ನು ಭಾಲ್ಕಿಗೆ ಹೊಡೆದುಕೊಂಡು ಹೋದಳು.

ಮರುದಿನ ಅಕ್ಕ ತಮ್ಮ ಬೀದರಕ್ಕೆ ಹೋದರು. ಅಲ್ಲಿ ಕಾಶೀರಾಮ ಎಂಬ ವಕೀಲರು ಎಲ್ಲ ಕೇಳಿ ತಲೆ ಅಲ್ಲಾಡಿಸಿದರು.

"ತಾಯಿ, ಲೈಸನ್ಸು ನಿಮ್ಮ ಯಜಮಾನರ ಜೋಡಿನೇ ತೀರ್ತು. ಆಗಲೇ ಜಮಾ ಮಾಡ್ಬೇಕಿತ್ತು. ಈಗ ಒಂದು ತಾಲೂಕಿನಿಂದ ಇನ್ನೊಂದಕ್ಕ ಒಯ್ಯಲಾಕ ಬ್ಯಾರೆ ಪರವಾನಗಿ ಬೇಕು. ತೋಟಾ ತಗದಿರ್ಲಿ, ಬಿಡ್ಲಿ, ಇನ್ನೊಬ್ಬರ ಬಂದೂಕು ಕೈಯಾಗ ಸಿಕ್ಕರ ಅದೇ ಗುನ್ಹೆ."

"ಕಚೇರಿಗೇ ಬೀಗ ಹಾಕಿತ್ರಿ. ಪರವಾನಗಿ ಯಾರಿಗೆ ಕೇಳ್ಬೇಕಿತ್ತು?"

"ಬಂದೂಕು ಮನ್ಯಾಗೇ ಬಿಟ್ಟು, ನೀವಷ್ಟೇ ಬಂದು ಹೇಳ್ಬೇಕಿತ್ತು. ಅವರೇ ಬಂದು ಒಯ್ತಿದ್ರು."

ಇಷ್ಟು ಸಣ್ಣ ಮಾತು ತನಗೆ ಹೊಳೆಯಲಿಲ್ಲವಲ್ಲ ಎಂದುಕೊಂಡಳು ಗುಂಡಮ್ಮ. ಆದರೆ ಬಿಟ್ಟು ಬಂದಿದ್ದರೆ ಶಿವರಾಜಪ್ಪ ಅದನ್ನು ಬಿಡುತ್ತಿದ್ದನೇ? ಎರಡೂ ಕಡೆ ಯೋಚಿಸಿದಳು. ಯಾವ ಕಡೆಯೂ ಅಯ್ಯುಬ ಹೊರಗೆ ಬರಲಿಲ್ಲ.

ಊರಿಗೆ ಮರಳಿದಾಗ ಕುಲಸುಮಬೀ ಊರ ಅಗಸೆಬಾಗಿಲಲ್ಲಿ ನಿಂತಿದ್ದಳು. ಗಾಡಿಯಲ್ಲಿ ಗಂಡನಿಲ್ಲದ್ದನ್ನು ಕಂಡು ಅಲ್ಲೇ ಮಣ್ಣಿನಲ್ಲಿ ಕುಂತಳು. ಅಳಲಿಲ್ಲ. "ನೀವು ಬಾಜೂಕ ಕುಂತಿರ್ತೇನಿ ಅಂದಿದ್ರಿ" ಎಂದಳಷ್ಟೆ.

"ಕುಂತಿದ್ದೆ ಬೀಬೀ. ಕುಂತೇ ಇದ್ದೆ" ಎಂದಳು ಗುಂಡಮ್ಮ.

ಆ ಚಳಿಗಾಲವೆಲ್ಲ ಇಬ್ಬರೂ ಒಂದೇ ಮನೆಯಲ್ಲಿ ಮಲಗಿದರು. ಅಯ್ಯುಬನ ಮೇಲೆ ರಜಾಕಾರನೆಂಬ ಆರೋಪವೂ ಬಿದ್ದಿತ್ತು. ಕೋರ್ಟಿನಲ್ಲಿ ಪೇಷಿ ಇದ್ದಾಗಲೆಲ್ಲ ಗುಂಡಮ್ಮ ಬೀದರಕ್ಕೆ ಹೋಗಿ, ಬಂದೂಕು ರಜಾಕಾರರ ಕೈ ಸೇರದ ಹಾಗೆ ಏಟು ತಿಂದವನೇ ಅವನು ಎಂದು ಮತ್ತೆ ಮತ್ತೆ ಹೇಳಿದಳು. ಊರಿನಿಂದ ಸಾಕ್ಷಿಗೆ ಇನ್ನೊಬ್ಬರು ಬರಲಿಲ್ಲ. ಕಡೆಗೆ ಮ್ಯಾಜಿಸ್ಟ್ರೇಟರು ಅವಳ ಮಾತು ನಂಬಿ ಆ ಆರೋಪ ತೆಗೆದುಹಾಕಿದರು. ಪರವಾನಗಿ ಇಲ್ಲದೆ ಬಂದೂಕು ಸಾಗಿಸಿದ್ದಕ್ಕೆ ಮಾತ್ರ ಶಿಕ್ಷೆ ಉಳಿಯಿತು. ಬಂದೂಕು ಸರ್ಕಾರದ ಪಾಲಾಯಿತು.

ಬೇಸಿಗೆಯಲ್ಲಿ ಅವನನ್ನು ಬಿಟ್ಟಾಗ ಇಬ್ಬರೂ ಹೆಂಗಸರು ಜೈಲಿನ ಬಾಗಿಲಲ್ಲಿ ಕಾದಿದ್ದರು. ಹೊರಬಂದವನನ್ನು ಗುಂಡಮ್ಮ ಮೊದಲು ಗುರುತಿಸಲಿಲ್ಲ. ಮೈ ಒಣಗಿ ಕಡ್ಡಿಯಾಗಿತ್ತು, ಬಲಗೈ ಬೆರಳುಗಳು ಮಡಚುತ್ತಿರಲಿಲ್ಲ. ಎರಡು ಹೆಜ್ಜೆಗೊಮ್ಮೆ ನಿಂತು ಕೆಮ್ಮುತ್ತಿದ್ದ.

"ಊರಿಗೆ ನಡಿ ಅಯ್ಯುಬ. ತೊಗರಿ ಹೊಲ ನಿನ್ನ ಹೆಸರಿಗೆ ಮಾಡ್ತೇನಿ."

ಅವನು ತಲೆ ಅಲ್ಲಾಡಿಸಿದ. "ಬ್ಯಾಡ್ರಿ ಅಕ್ಕಾ. ಆ ರಸ್ತಾದ ಮ್ಯಾಲ ಇನ್ನ ನನ್ನಿಂದ ಬರ್ಲಾಕ ಆಗಂಗಿಲ್ಲ. ಗಾಡಿ ಸಪ್ಪಳ ಕೇಳಿದ್ರ ಮೈ ನಡಗ್ತದ." ಹೈದರಾಬಾದಿನಲ್ಲಿ ಕುಲಸುಮಬೀಯ ಅಣ್ಣನಿದ್ದ. ಅಲ್ಲಿಗೆ ಹೋಗುವುದೆಂದು ಗಂಡ ಹೆಂಡತಿ ಜೈಲಿನ ಭೇಟಿಯಲ್ಲೇ ಮಾತಾಡಿಕೊಂಡಿದ್ದರು.

ಸ್ಟೇಷನ್ನಿನಲ್ಲಿ ಅವರನ್ನು ರೈಲಿನ ಡಬ್ಬಿಗೆ ಹತ್ತಿಸಿ ಗುಂಡಮ್ಮ ಕಿಟಕಿಯ ಸರಳು ಹಿಡಿದು ನಿಂತಳು.

"ಒಂದರ ಮಾತು ಬೈದು ಹೋಗೋ. ನನ್ನ ಹೊಟ್ಟಿ ತಣ್ಣಗಾಗ್ತದ."

"ನಿಮಗ ಬೈದು ಏನ್ ಮಾಡ್ಲಿ? ನೀವು ಸರ್ಕಾರದ ಮಾತು ಕೇಳಿ ಹೊಂಟಿದ್ರಿ, ನಾ ನಿಮ್ಮ ಮಾತು ಕೇಳಿ ಹೊಂಟಿದ್ದೆ" ಎಂದ ಅವನು. ಅದರಲ್ಲಿ ಸಿಟ್ಟಿರಲಿಲ್ಲ. ಸಿಟ್ಟಿದ್ದಿದ್ದರೆ ಅವಳಿಗೆ ಹಗುರಾಗುತ್ತಿತ್ತು. ಕುಲಸುಮಬೀ ಸರಳಿನ ಮೇಲಿದ್ದ ಅವಳ ಬೆರಳುಗಳನ್ನು ತನ್ನ ಅಂಗೈಯಲ್ಲಿ ಒತ್ತಿ ಹಿಡಿದು, ರೈಲು ಅಲುಗಿದಾಗ ಬಿಟ್ಟಳು.

ಅವರು ಮತ್ತೆ ಊರಿಗೆ ಬರಲಿಲ್ಲ. ಹೈದರಾಬಾದಿನಿಂದ ಯಾರೇ ಬಂದರೂ ಗುಂಡಮ್ಮ ಕರೆದು ಕೂರಿಸಿ ಅಯ್ಯುಬನ ಸುದ್ದಿ ಕೇಳುತ್ತಿದ್ದಳು. ಒಬ್ಬರು ಅವನು ಕಟ್ಟಿಗೆ ಮಾರುವ ಅಡ್ಡೆಯಲ್ಲಿ ಕಾವಲಿಗಿದ್ದಾನೆ ಎಂದರು. ಇನ್ನೊಬ್ಬರು ಆ ಕೆಮ್ಮಿನಲ್ಲೇ ತೀರಿಹೋದ ಎಂದರು. ಮೊದಲು ಹೇಳಿದವರ ಮಾತನ್ನೇ ಅವಳು ನಿಜವೆಂದು ಇಟ್ಟುಕೊಂಡಳು.